ಪೊಟ್ಟಣದೊಳಗಿನ ಲವಣ

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರನ್ನು ಧರಿಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ವಿಧಿಸಿದುದು ಸ್ವಾಗತಾರ್ಹವೇ ಸರಿ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ನಡೆಸಿದ ಹೋರಾಟಕ್ಕೆ ಸಂದ ಫಲವಿದು. ಆದರೆ ಸುಳ್ಳು ಹೆಸರು ಅಳಿದ ಮಾತ್ರಕ್ಕೆ, ನಿಜವಾದ ಪೊಟ್ಟಣದೊಳಗೆ ಇರಬೇಕಾದುದೆಲ್ಲ ಇದೆಯೆಂದು ನಂಬುವುದು ಹೇಗೆ?

ಆ ಸೂತ್ರದಂತೆ ಒಂದು ಲೀಟರು ನೀರಿಗೆ ಅಡಿಗೆಯುಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ ಇರತಕ್ಕದ್ದು. ಸಕ್ಕರೆ ಮಿತಿಮೀರಿದರೆ ಭೇದಿ ಉಲ್ಬಣಿಸುತ್ತದೆ. ಉಪ್ಪು ಮಿತಿಮೀರಿದರೆ ರಕ್ತದ ಸೋಡಿಯಂ ಏರಿ ಪ್ರಾಣಕ್ಕೇ ಸಂಚಕಾರ. ನಮ್ಮ ಹೋಟೆಲುಗಳಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಗಿರಾಕಿ ತಕ್ಷಣ ಹೇಳುತ್ತಾನೆ; ಖೋಲಿಯ ಮೂಲೆಯಲ್ಲಿ ಬಳಲಿ ಮಲಗಿದ ಕೂಸು ಹೇಳಲಾರದು.

ಈ ಲವಣಗಳನ್ನು ಅಳೆಯಲು ಐಯಾನ್ ಸೆಲೆಕ್ಟಿವ್ ಇಲೆಕ್ಟ್ರೋಡ್ ಎಂಬ ಸಾಧನವಿದೆ. ನೀರಿನಲ್ಲಿ ಕರಗಿದ ಉಪ್ಪು ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತದೆ, ಇವೇ ಐಯಾನುಗಳು. ಕಡ್ಡಿಯಂತಿರುವ ಈ ಸಾಧನದ ತುದಿಯ ಪೊರೆಯು ಬಹುಮಟ್ಟಿಗೆ ಒಂದೇ ಜಾತಿಯ ಐಯಾನಿಗೆ ಓಗೊಡುವಂತೆ ರಚಿತವಾಗಿರುತ್ತದೆ. ಜೊತೆಗಿಟ್ಟ ಮತ್ತೊಂದು ಕಡ್ಡಿಗೂ ಇದಕ್ಕೂ ನಡುವಣ ವಿದ್ಯುದೊತ್ತಡವನ್ನು ಓದಿ ಪ್ರಮಾಣವನ್ನು ತಿಳಿಯುತ್ತಾರೆ. ಸೋಡಿಯಂ ಹತ್ತು ಪಟ್ಟಾದರೆ, 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಸುಮಾರು 59 ಮಿಲಿವೋಲ್ಟುಗಳ ವ್ಯತ್ಯಾಸ. ಆಸ್ಪತ್ರೆಗಳಲ್ಲಿ ರಕ್ತದ ಸೋಡಿಯಂ, ಪೊಟ್ಯಾಸಿಯಂಗಳನ್ನು ನೋಡುವುದೂ ಇದೇ ತತ್ತ್ವದಿಂದ. ನೀರಿನಲ್ಲಿ ಐಯಾನುರೂಪ ತಾಳುವ ಅನೇಕ ಔಷಧಗಳಿಗೂ ತಕ್ಕ ಪೊರೆಗಳನ್ನು ವಿಜ್ಞಾನಿಗಳು ರಚಿಸಿದ್ದಾರೆ.

ದೊಡ್ಡ ಪ್ರಯೋಗಶಾಲೆಗಳ ಯಂತ್ರಗಳಿಗೆ ಹೋಲಿಸಿದರೆ ಇದು ಅಗ್ಗ. ಅಳತೆಗೆ ಕೆಲವೇ ನಿಮಿಷಗಳು ಸಾಕು. ಅಂಗಡಿಗಳಿಂದ ಎತ್ತಿದ ಪೊಟ್ಟಣಗಳನ್ನು ಜಿಲ್ಲೆಯಲ್ಲಿಯೇ ಮೊದಲು ಹೀಗೆ ಜರಡಿ ಹಿಡಿದು, ಸಂಶಯಾಸ್ಪದವಾದವುಗಳನ್ನು ತ್ವರೆಯಿಂದ ಸರಕಾರಿ ವಿಶ್ಲೇಷಕರಿಗೆ ಕಳುಹಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಈ ಕಡ್ಡಿಯನ್ನು ಸರ್ವಜ್ಞವೆಂದು ಭ್ರಮಿಸಲಾಗದು. ಪ್ರಮಾಣ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ಆಗಾಗ್ಗೆ ಸರಿಹೊಂದಿಸದಿದ್ದರೆ ಅದು ಸುಳ್ಳು ಹೇಳುತ್ತದೆ; ಪೊರೆ ಹಳತಾದರೂ ಹಾಗೆಯೇ. (ಕೊಂಡು ತಂದ ಉಪಕರಣವನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುವ ಪದ್ಧತಿ ನಮ್ಮಲ್ಲಿ ಅಪರೂಪವೇನಲ್ಲ.) ವಿದ್ಯುದಂಶವಿಲ್ಲದ ಗ್ಲೂಕೋಸ್ ಅದಕ್ಕೆ ಕಾಣಿಸದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳ ಬಲಿ ತೆಗೆದುಕೊಂಡ ಕೆಮ್ಮಿನ ಔಷಧದಲ್ಲಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವೂ ಅದಕ್ಕೆ ಅಗೋಚರವೇ. ಅದನ್ನು ಹಿಡಿಯಲು ಗ್ಯಾಸ್ ಕ್ರೊಮಟೋಗ್ರಫಿಯಂತಹ ಬೇರೆ ಪರೀಕ್ಷೆಗಳೇ ಬೇಕು. ಅಗ್ಗದ ಕಡ್ಡಿ ಬಂದಿತೆಂಬ ನೆಪದಿಂದ ಆ ಪರೀಕ್ಷೆಗಳ ಅನುದಾನಕ್ಕೆ ಕತ್ತರಿ ಹಾಕುವ ಜಾಣತನವನ್ನು ಯಾವ ಸರಕಾರವೂ ತೋರದಿರಲಿ.