ಮನೆ ಊಟದ ರುಚಿ ಇದ್ದರೆ ಅಗ್ಗ ಇರಬೇಕೇನು?

ಹೋದ ವಾರ ಇಲ್ಲಿನ ಮೆಕ್ಸಿಕನ್ ಹೋಟೆಲಿನ ಫೋಟೋ ಹಾಕಿದ ಮೇಲೆ ಮೂರು ಜನ ಫೋನ್ ಮಾಡಿ ಒಂದೇ ಮಾತು ಹೇಳಿದ್ರಿ. "ಇದು ನಮ್ಮ ರೊಟ್ಟಿ, ಕಾಳುಪಲ್ಯನ ಅಲ್ಲೇನ? ಇದಕ್ಕ ಹನ್ನೆರಡು ಡಾಲರ್ ಕೊಟ್ಟಿ?" ದೊಡ್ಡಪ್ಪ ಅಂತೂ ಅದನ್ನ ರೂಪಾಯಿಗೆ ಗುಣಿಸಿ, ಸಾವಿರ ದಾಟಿಸಿಯೇ ಫೋನ್ ಇಟ್ಟರು. ಆ ಗುಣಾಕಾರದ ಬಗ್ಗೆ ನನಗೊಂದು ತಕರಾರಿದೆ. ಅದನ್ನೇ ಇವತ್ತು ಬರೀತೀನಿ.

ಮೊದಲು ಒಪ್ಪಿಕೊಳ್ಳೋದನ್ನ ಒಪ್ಪಿಕೊಂಡುಬಿಡ್ತೀನಿ. ಹೌದು, ನಮ್ಮದರ ಹಾಗೇ ಇದೆ. ಅವರ ಕೊಮಾಲ್ ಅಂದರೆ ನಮ್ಮ ಹಂಚು. 'ಹಮೈಕಾ' ಅಂತ ಕೆಂಪು ಶರಬತ್ತು ಕೊಡ್ತಾರೆ, ಅದು ನಮ್ಮ ಪುಂಡಿಯ ಅಣ್ಣತಮ್ಮಂದಿರ ಗಿಡದ್ದು. ನಾವು ಸೊಪ್ಪು ತಿಂತೀವಿ, ಅವರು ಹೂವಿನ ಕೆಂಪು ಬಟ್ಟಲನ್ನ ಒಣಗಿಸಿ ನೆನೆಸ್ತಾರೆ. ಹುಣಸೆಹಣ್ಣಿನ ಪಾನಕನೂ ಉಂಟು. ಶನಿವಾರ, ಭಾನುವಾರ ಸಿಗೋ 'ಮೆನುಡೊ' ಬೋಟಿ ಸಾರೇ, ಮಸಾಲೆ ಮಾತ್ರ ಬೇರೆ. ಆಶ್ಚರ್ಯ ಏನೂ ಇಲ್ಲ ಬಿಡಿ. ಮೆಣಸಿನಕಾಯಿ, ಟೊಮ್ಯಾಟೊ, ಗೋವಿನಜೋಳ ಎಲ್ಲ ಆ ಕಡೆಯಿಂದಲೇ ನಮಗೆ ಬಂದದ್ದು, ಕೊತ್ತಂಬರಿ ನಮ್ಮ ಕಡೆಯ ಖಂಡಗಳಿಂದ ಅವರಿಗೆ ಹೋದದ್ದು. ಬ್ಯಾಡಗಿ ಮೆಣಸಿನಕಾಯಿ ಅಂತ ಮೀಸೆ ತಿರುವೋ ನಾವು ಅವರಿಗೊಂದು ನಮಸ್ಕಾರ ಹೇಳಬೇಕು.

ನಾನಿರೋ ಸ್ಯಾನ್ ಆಂಟೋನಿಯೊ 1836ರ ವರೆಗೆ ಮೆಕ್ಸಿಕೊದಲ್ಲೇ ಇದ್ದ ಊರು. ಹಾಗಾಗಿ ಇಲ್ಲಿ ಇದು ಪರದೇಶದ ಊಟ ಅಲ್ಲ, ಊರಿನದೇ ಊಟ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಏಳೂವರೆಗೆ ಹೊರಗೆ ಬಿದ್ದ ನರ್ಸುಗಳಿಗೆ ಬಿಸಿ ಊಟ ಹಾಕೋರು ಇಂಥ ಮನೆಮಂದಿಯ ಹೋಟೆಲಿನವರೇ. ನಾವು ಹೋಗೋ ಕಡೆ ಅಜ್ಜಿ ಹಂಚಿನ ಮುಂದೆ, ಮಗಳು ಒಲೆಯ ಹತ್ತಿರ, ಅಳಿಯ ಗಲ್ಲೆಯಲ್ಲಿ. ಮೊಮ್ಮಗಳು ಮೂಲೆ ಟೇಬಲ್ಲಿನಲ್ಲಿ ಶಾಲೆಯ ಲೆಕ್ಕ ಮಾಡ್ತಾ, ನಡುನಡುವೆ ಚಮಚಗಳನ್ನ ಪೇಪರಿನಲ್ಲಿ ಸುತ್ತಿಡ್ತಾಳೆ. ಬಡಿಸೋಕೆ ಹೊರಗಿನ ಇಬ್ಬರು ಹೆಣ್ಣುಮಕ್ಕಳು.

ಈಗ ಆ ರೊಟ್ಟಿಯ ವಿಷಯ. ಗೋವಿನಜೋಳ ಬೀಸಿ, ತಟ್ಟಿ, ಬೇಯಿಸಿದರೆ ಟೋರ್ಟಿಯಾ ಆಗೋದಿಲ್ಲ. ಒಣಕಾಳನ್ನ ಸುಣ್ಣದ ನೀರಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕೈಯಿಂದ ತಿಕ್ಕಿ ಸಿಪ್ಪೆ ತೆಗೆದು, ಆಮೇಲೆ ರುಬ್ಬಬೇಕು. ಎಲೆ ಅಡಿಕೆಗೆ ಹಚ್ಚೋ ಸುಣ್ಣವೇ. ಸಾವಿರಾರು ವರ್ಷದ ಪದ್ಧತಿ. ಇದರಿಂದ ಜೋಳದೊಳಗೆ ಕಟ್ಟಿಹಾಕಿಕೊಂಡಿರೋ ನಿಯಾಸಿನ್ ಮೈಗೆ ಹತ್ತುತ್ತೆ. ಯುರೋಪಿನವರು ಕಾಳು ಒಯ್ದರು, ಸುಣ್ಣದ ಬುದ್ಧಿ ಒಯ್ಯಲಿಲ್ಲ. ಜೋಳವನ್ನೇ ನೆಚ್ಚಿದ ಬಡವರಿಗೆ ಪೆಲ್ಲಾಗ್ರಾ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಜನ ಸತ್ತರು. ಚರ್ಮ ಸುಲಿಯೋದು, ಭೇದಿ, ಬುದ್ಧಿ ಮಂಕಾಗೋದು ಅಂತ ಮೂರು ಲಕ್ಷಣ ಬಾಯಿಪಾಠ ಮಾಡಿದ್ದು ನರ್ಸಿಂಗ್ ಓದಿದವರಿಗೆಲ್ಲ ನೆನಪಿರುತ್ತೆ. ಆ ಹಿಟ್ಟಿನ ಹಿಂದೆ ಅಷ್ಟು ತಿಳಿವಳಿಕೆ, ಅಷ್ಟು ಹೊತ್ತಿನ ದುಡಿಮೆ ಇದೆ. ತಟ್ಟೆಗೆ ಬಂದಾಗ ಮಾತ್ರ 'ರೊಟ್ಟಿ ತಾನೆ'.

ಇದೇ ನಮ್ಮ ಜನ ಇಟಾಲಿಯನ್ ಹೋಟೆಲಿಗೆ ಹೋದರೆ ಮೈದಾ ಎಳೆಗೆ ಟೊಮ್ಯಾಟೊ ಸಾರು ಸುರಿದದ್ದಕ್ಕೆ ಇಪ್ಪತ್ತೆರಡು ಡಾಲರ್ ತುಟಿಪಿಟಕ್ಕೆನ್ನದೆ ಕೊಡ್ತಾರೆ. ದೀಪ ಮಂದ ಇದ್ದರೆ ಬಿಲ್ಲು ಕಾಣಿಸೋದಿಲ್ಲವೇನೋ! ಅಗ್ಗ ಇರಬೇಕು ಅನ್ನೋ ಹಟ ಮನೆ ರುಚಿ ಬಂದಾಗ ಮಾತ್ರ. ಯಾಕೆ ಅಂದರೆ ಮನೇಲಿ ಅವ್ವ, ಅತ್ತಿ, ವೈನಿ ತಟ್ಟಿದ ರೊಟ್ಟಿಗೆ ನಾವು ಯಾವತ್ತೂ ದುಡ್ಡು ಕೊಟ್ಟಿಲ್ಲ. ಪುಕ್ಕಟೆ ಅಂದುಕೊಂಡೇ ಬೆಳೆದಿದ್ದೀವಿ. ಗದಗಿನ ಖಾನಾವಳಿಯಲ್ಲೂ ಎಕ್ಸ್‌ಟ್ರಾ ರೊಟ್ಟಿಗೆ ಹತ್ತು ರೂಪಾಯಿ ಅಂದರೆ ಜಗಳಕ್ಕೆ ನಿಲ್ಲೋರನ್ನ ನೋಡಿದ್ದೀನಿ, ಒಳಗೆ ಹೊಗೆಯಲ್ಲಿ ಕೂತವಳನ್ನ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಈ ಊರಿನ ಚರಿತ್ರೆಯಲ್ಲೂ ಇಂಥದೊಂದು ಇದೆ. 1880ರ ಆಸುಪಾಸಿನಿಂದ ಇಲ್ಲಿನ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆ ಹೊತ್ತು ಚಿಲಿ ಮಾಡಿ ಮಾರ್ತಿದ್ದರು. 'ಚಿಲಿ ಕ್ವೀನ್ಸ್' ಅಂತ ಹೆಸರು. ಅವರಿಂದಲೇ ಆ ಸಾರು ದೇಶಕ್ಕೆಲ್ಲ ಪರಿಚಯ ಆಯ್ತು. 1930ರ ದಶಕದಲ್ಲಿ ಆರೋಗ್ಯ ನಿಯಮ ಅಂತ ಅವರನ್ನ ಎಬ್ಬಿಸಿದರು. 1977ರಲ್ಲಿ ಅದೇ ಚಿಲಿ ಟೆಕ್ಸಾಸಿನ ಅಧಿಕೃತ ರಾಜ್ಯಖಾದ್ಯ ಆಯ್ತು. ಸಾರಿಗೆ ಬಿರುದು ಸಿಕ್ತು, ಸೌಟು ಹಿಡಿದವರಿಗೆ ಏನೂ ಸಿಗಲಿಲ್ಲ.

ಇನ್ನು ಟಿಪ್ಸ್. ಇಲ್ಲಿಗೆ ಬಂದ ನಮ್ಮೋರು ಹೆಚ್ಚು ಗೊಣಗೋದು ಇದಕ್ಕೇ. "ಸಂಬಳ ಕೊಡೋದು ಮಾಲೀಕರ ಕೆಲಸ, ನಾವ್ಯಾಕೆ?" ತತ್ವಕ್ಕೆ ಸರಿ. ಆದರೆ ಬಡಿಸೋರಿಗೆ ಟೆಕ್ಸಾಸಿನಲ್ಲಿ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಬದಲಾಗಿಲ್ಲ. ಟಿಪ್ಸ್ ಸೇರಿ 7.25 ಮುಟ್ಟದಿದ್ದರೆ ಮಾಲೀಕ ತುಂಬಿಕೊಡಬೇಕು ಅಂತ ಕಾನೂನು. ಆ 7.25 ಕೂಡ 2009ರಿಂದ ಹಾಗೇ ಕೂತಿದೆ. ಕಾನೂನು ಕೆಟ್ಟದ್ದೇ. ಅದನ್ನ ನಿಮ್ಮ ಮುಂದೆ ತಟ್ಟೆ ಇಟ್ಟ ಹುಡುಗಿ ಮಾಡಿಲ್ಲ, ಎರಡು ಡಾಲರ್ ಉಳಿಸಿ ಅದನ್ನ ತಿದ್ದೋಕೂ ಆಗೋದಿಲ್ಲ. ಮೆನುವಿನ ಹನ್ನೆರಡನ್ನ ಹದಿನೈದು ಅಂತಲೇ ಓದಿಕೊಳ್ಳಿ. 8.25 ಪರ್ಸೆಂಟ್ ತೆರಿಗೆ, ಅದರ ಮೇಲೆ ಹದಿನೆಂಟೋ ಇಪ್ಪತ್ತೋ ಟಿಪ್. ಭಾರ ಅನಿಸಿದರೆ ಪಾರ್ಸೆಲ್ ತಗೊಂಡು ಮನೇಲಿ ತಿನ್ನಿ, ಯಾರೂ ಏನೂ ಅನ್ನೋದಿಲ್ಲ. ಅವರ ಟೇಬಲ್ಲಿನಲ್ಲಿ ಒಂದೂವರೆ ತಾಸು ಕೂತು, ನಾಲ್ಕು ಸಲ ಚಿಪ್ಸ್, ಸಾಲ್ಸಾ ತುಂಬಿಸಿಕೊಂಡು ಎದ್ದು ಹೋಗೋದು ನನಗೆ ಸಹಿಸೋದಿಲ್ಲ.

ಬೇಸಿಗೆಗೆ ಬರೋರು ಇಷ್ಟು ಗುರುತಿಟ್ಟುಕೊಳ್ಳಿ. ಶಾಕಾಹಾರಿಗಳು 'ಮಾಂತೇಕಾ' ಇದೆಯಾ ಅಂತ ಕೇಳಲೇಬೇಕು, ಅದು ಹಂದಿ ಕೊಬ್ಬು. ಬೇಯಿಸಿ ಮಸೆದ ಬೀನ್ಸಿನಲ್ಲಿ, ಮೈದಾ ಟೋರ್ಟಿಯಾದಲ್ಲಿ ಬಹಳ ಕಡೆ ಇರುತ್ತೆ. ಕೆಂಪನ್ನ ಕೋಳಿ ಸಾರಿನಲ್ಲಿ ಬೇಯಿಸೋದೂ ಉಂಟು. ಜೋಳದ ಟೋರ್ಟಿಯಾ, ಇಡಿಯಾಗಿ ಬೇಯಿಸಿದ ಕಾಳು, ಹುರಿದ ನೊಪಾಲ್ ಕೇಳಿ ನೋಡಿ. ನೊಪಾಲ್ ಅಂದರೆ ಪಾಪಸುಕಳ್ಳಿ. ಮುಳ್ಳು ತೆಗೆದಿರ್ತಾರೆ, ಹೆದರಬೇಡಿ. ಕಾಳಿಗೂ ಕೊಬ್ಬು ಹಾಕಿದ್ದಾರಾ ಅಂತ ಒಮ್ಮೆ ಕೇಳಿಬಿಡಿ.