ಎಡವಿದ್ದು ಕಾಲು, ಏಟು ಹೊಸ್ತಿಲಿಗೆ

ನಡೆಯಲು ಕಲಿಯುತ್ತಿರುವ ಕೂಸು ಹೊಸ್ತಿಲು ಎಡವಿ ಬಿದ್ದು ಅಳುತ್ತದೆ. ಅಜ್ಜಿ ಓಡಿ ಬಂದು ಎತ್ತಿಕೊಳ್ಳುತ್ತಾಳೆ. ಅಳು ನಿಲ್ಲದಿದ್ದಾಗ ಹೊಸ್ತಿಲಿಗೆ ಎರಡು ಏಟು ಹಾಕಿ, ‘ನನ್ನ ಬಂಗಾರವನ್ನು ಬೀಳಿಸಿದೆಯಾ, ತಗೋ’ ಎಂದು ಗದರುತ್ತಾಳೆ. ಕೂಸು ಕಣ್ಣೀರಿನಲ್ಲೇ ನಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಅದು ಅಜ್ಜಿಯ ಅಕ್ಕರೆ. ಆದರೆ ಅಂದು ಕಲಿತ ಆ ಪಾಠವನ್ನು ನಾವು ಅರವತ್ತು ದಾಟಿದರೂ ಮರೆಯುವುದಿಲ್ಲ ಎಂಬುದೇ ಸೋಜಿಗ. ಎಡವಿದ್ದು ನಮ್ಮ ಕಾಲು, ಏಟು ತಿನ್ನುವುದು ಹೊಸ್ತಿಲು.

ಬೆಳೆ ಕೈಕೊಟ್ಟರೆ ಶನಿಯ ಕಾಟ. ವ್ಯಾಪಾರ ಮುಳುಗಿದರೆ ನೆರೆಯವನ ಕೆಟ್ಟ ಕಣ್ಣು. ಮಗ ದಾರಿ ತಪ್ಪಿದರೆ ಗೆಳೆಯರ ಸಹವಾಸ. ಮನೆ ಒಡೆದರೆ ಸೊಸೆಯ ಕಾಲ್ಗುಣ. ಹೆಲ್ಮೆಟ್ಟನ್ನು ಮನೆಯ ಗೂಟಕ್ಕೆ ನೇತುಹಾಕಿ ಗಾಡಿ ಓಡಿಸಿದವನು ಬಿದ್ದು ತಲೆ ಒಡೆದುಕೊಂಡು ಆಸ್ಪತ್ರೆಯಲ್ಲಿ ಮಲಗಿ, ‘ಹೊರಡುವಾಗ ಬೆಕ್ಕು ಅಡ್ಡ ಬಂದಿತ್ತು’ ಎನ್ನುತ್ತಾನೆ. ಪಾಪ, ಬೆಕ್ಕಿಗೆ ಮಾತು ಬಾರದು. ಬಂದಿದ್ದರೆ ‘ನಾನು ನನ್ನ ದಾರಿಯಲ್ಲಿ ಹೋಗುತ್ತಿದ್ದೆ, ಅಡ್ಡ ಬಂದವನು ಅವನೇ’ ಎನ್ನುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನುಷ್ಯ ಹೀಗೇಕೆ ಮಾಡುತ್ತಾನೆ? ತಪ್ಪು ನನ್ನದು ಎಂದರೆ ಅಹಂಕಾರಕ್ಕೆ ಪೆಟ್ಟು ಬೀಳುತ್ತದೆ. ತಪ್ಪು ಅವನದು ಎಂದರೆ ಮನಸ್ಸು ಗಳಿಗೆಮಟ್ಟಿಗೆ ಹಗುರಾಗುತ್ತದೆ. ಆದರೆ ಆ ಹಗುರಕ್ಕೆ ನಾವು ತೆರುವ ಬೆಲೆ ದೊಡ್ಡದು. ತಪ್ಪು ಅವನದೇ ಆದರೆ ತಿದ್ದಬೇಕಾದವನೂ ಅವನೇ. ನಮಗೆ ಉಳಿಯುವುದು ಕೈಕಟ್ಟಿ ಕೂರುವ ಕೆಲಸ ಮಾತ್ರ. ಪರರನ್ನು ದೂರುವವನು ತನ್ನ ಬಾಳಿನ ಚುಕ್ಕಾಣಿಯನ್ನು ತಾನೇ ಪರರ ಕೈಗೆ ಕೊಟ್ಟುಬಿಡುತ್ತಾನೆ.

ಮಹಾಭಾರತದ ವನಪರ್ವದಲ್ಲಿ ಒಂದು ಪ್ರಸಂಗವಿದೆ. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಪಾಂಡವರು ಕಾಡು ಸೇರಿದ್ದಾರೆ. ಭೀಮನು ಅಣ್ಣನನ್ನು ಮಾತಿನಿಂದ ಚುಚ್ಚುತ್ತಾನೆ. ದೂರಬೇಕೆಂದರೆ ಧರ್ಮರಾಯನಿಗೆ ಜನಕ್ಕೆ ಕೊರತೆಯೇ? ಶಕುನಿಯ ಕಪಟವಿತ್ತು, ದುರ್ಯೋಧನನ ಮತ್ಸರವಿತ್ತು, ಆಟಕ್ಕೆ ಕರೆಸಿದ ದೊಡ್ಡಪ್ಪನಿದ್ದ. ಶಕುನಿಯ ಮೋಸವನ್ನು ಅವನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೂ ಮೊದಲು, ನಿಮಗೆ ಈ ಕಷ್ಟ ಬಂದದ್ದು ನನ್ನ ತಪ್ಪಿನಿಂದ, ದುರ್ಯೋಧನನ ರಾಜ್ಯವನ್ನು ಗೆಲ್ಲುವ ಆಸೆಯಿಂದಲೇ ನಾನು ದಾಳ ಹಿಡಿದೆ ಎಂದು ತಮ್ಮನೆದುರು ಒಪ್ಪಿಕೊಳ್ಳುತ್ತಾನೆ. ಇತ್ತ ಧೃತರಾಷ್ಟ್ರನೋ, ವಿದುರನು ಎಚ್ಚರಿಸಿದರೂ ಕೇಳದೆ ಆಟ ಆಡಿಸಿದ. ಮಕ್ಕಳು ರಣರಂಗದಲ್ಲಿ ಉರುಳಿದಾಗ ವಿಧಿಯನ್ನು ಹಳಿದ. ಫಲವನ್ನೂ ನೋಡಿರಿ. ತಪ್ಪನ್ನು ಒಪ್ಪಿಕೊಂಡ ಧರ್ಮರಾಯನು ಅದೇ ಕಾಡಿನಲ್ಲಿ ಬೃಹದಶ್ವ ಮುನಿಯಿಂದ ಜೂಜಿನ ಮರ್ಮವನ್ನು ಕಲಿತ. ಸೋಲಿಸಿದ ವಿದ್ಯೆಯನ್ನೇ ಗೆದ್ದುಕೊಂಡ. ಧೃತರಾಷ್ಟ್ರನಿಗೆ ಕಲಿಯಲು ಏನೂ ಉಳಿದಿರಲಿಲ್ಲ; ವಿಧಿಗೆ ಪಾಠ ಹೇಳುವವರು ಯಾರು?

ಪುರಾಣವನ್ನು ಬಿಟ್ಟು ನಮ್ಮ ಹೊಲಕ್ಕೇ ಬರೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂದಾಗ ಬರಗಾಲದ ನಾಡು ಕಣ್ಣೀರು ಒರೆಸಿಕೊಂಡಿತು. ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ನೆಚ್ಚಿ ರೂಪಿಸಿದ ಯೋಜನೆ ಅದು. ನಾಲ್ಕು ಎಕರೆಗೆ ಸುರಿಯುವುದಕ್ಕಿಂತ ನಾಲ್ಕು ಊರಿಗೆ ಹಂಚುವುದೇ ಅದರ ಉದ್ದೇಶ. ಆದರೆ ಮೇಲ್ಭಾಗದವರು ಭತ್ತದ ಗದ್ದೆ ಮಾಡಿದರು. ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದೇ ಕಷ್ಟವಾಯಿತು. ಮೇಲಿನವರಿಗಾದರೂ ಸುಖವಾಯಿತೇ? ಕರಿ ಭೂಮಿ ಮಿತಿಮೀರಿ ನೀರು ಕುಡಿದು, ಒಳಗಿನ ನೀರಿನ ಮಟ್ಟ ಮೇಲೇರಿ, ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಮೇಲೆ ಉಳಿದು, ಬಂಗಾರದಂತಹ ಭೂಮಿ ಅಲ್ಲಲ್ಲಿ ಸವಳಾಯಿತು. ಬೆಳ್ಳಗಾದ ಹೊಲವನ್ನು ನೋಡಿ ಒಬ್ಬ ಗ್ರಹಚಾರ ಎಂದ, ಇನ್ನೊಬ್ಬ ಯಾರೋ ಮಾಡಿಸಿದ್ದಾರೆ ಎಂದ.

ಕಾಲುವೆಯ ಮೇಲೆ ನಿಂತು ನೋಡಿದರೆ ಒಂದು ಮಾತು ತಿಳಿಯುತ್ತದೆ. ಪ್ರತಿಯೊಬ್ಬನಿಗೂ ಬೈಯಲು ಮೇಲೊಬ್ಬನಿದ್ದಾನೆ. ಪ್ರತಿಯೊಬ್ಬನನ್ನೂ ಬೈಯಲು ಕೆಳಗೊಬ್ಬನಿದ್ದಾನೆ. ನಾವೆಲ್ಲ ಮೇಲೆ ನೋಡಿ ಬೈಯುತ್ತೇವೆ. ಕೆಳಗೆ ತಿರುಗಿ ನೋಡುವವರು ಕಡಿಮೆ. ಮೇಲಿನವನು ತೂಬು ಒಡೆದ ಎಂದು ಗೋಳಾಡುವವನು, ರಾತ್ರಿ ತನ್ನ ಪಾಳಿ ಮುಗಿದ ಮೇಲೂ ಮಡೆ ತೆರೆದೇ ಮಲಗಿದ್ದುಂಟು. ಕೆಳಗಿನವನ ಹೊಲ ಒಣಗಿದ್ದಕ್ಕೆ ಅವನೂ ಪಾಲುದಾರನಲ್ಲವೇ?

ಹಾಗೆಂದು ಅನ್ಯಾಯ ಮಾಡಿದವನನ್ನು ಕೇಳಬಾರದು ಎಂದು ಯಾರೂ ತಿಳಿಯಬಾರದು. ಬಡವನ ಬವಣೆಗೆಲ್ಲ ಬಡವನೇ ಕಾರಣ ಎನ್ನುವುದು ಧರ್ಮವಲ್ಲ, ಅದು ಉಳ್ಳವರ ಜಾಣತನ. 2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಇದು ಯಾರ ತಪ್ಪು ಎಂದು ಜನ ಕೇಳಿದ್ದು ನ್ಯಾಯವೇ. ಆದರೆ ಹರಿದು ಹೋಗುವ ನೀರನ್ನು ನಿಲ್ಲಿಸಿದ್ದು ದೂರಿದ ಬಾಯಲ್ಲ. ಭೋರ್ಗರೆಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ, ವಾರದ ಹೊತ್ತಿಗೆ ಕೆಲಸ ಮುಗಿಸಿದ ದುಡಿಯುವ ಕೈ. ಪರರ ತಪ್ಪಿಗೆ ನ್ಯಾಯ ಕೇಳೋಣ. ಆದರೆ ಹತ್ತಾಣೆಯ ತಪ್ಪು ಅವನದಾಗಿ ಆರಾಣೆ ನಮ್ಮದಾಗಿದ್ದರೆ, ನಮ್ಮ ಕೈಯಿಂದ ಇಂದೇ ತಿದ್ದಲು ಬರುವುದು ಆ ಆರಾಣೆ ಮಾತ್ರ.

ಸದ್ಭಕ್ತರು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂರುವಾಗ ಅಲ್ಲಿ ನೆರೆಯವನಿರುವುದಿಲ್ಲ, ದಾಯಾದಿಯಿರುವುದಿಲ್ಲ, ಶನಿಯೂ ಇರುವುದಿಲ್ಲ. ನೋಡುವವನು ಒಬ್ಬನೇ. ಆ ಗಳಿಗೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇಂದಿನ ಈ ಕೇಡಿನಲ್ಲಿ ನನ್ನ ಪಾಲೆಷ್ಟು? ಉತ್ತರ ಕಹಿಯಾಗಿರಬಹುದು. ಬೇವಿನ ಕಷಾಯವೂ ಕಹಿಯೇ, ಜ್ವರ ಇಳಿಯಲೆಂದು ಕುಡಿಯುವುದಿಲ್ಲವೇ?

ಮನೆಯ ಹಿರಿಯರಲ್ಲಿ ಒಂದು ಮಾತು. ನಾಳೆ ಮೊಮ್ಮಗು ಬಿದ್ದಾಗ ಎತ್ತಿಕೊಳ್ಳಿರಿ, ಮುದ್ದಿಸಿರಿ, ಮೊಣಕಾಲು ಊದಿರಿ. ಹೊಸ್ತಿಲನ್ನು ಮಾತ್ರ ಹೊಡೆಯಬೇಡಿರಿ. ಕೈಹಿಡಿದು ಅದರ ಮುಂದೆ ನಿಲ್ಲಿಸಿ, ‘ನೋಡು ಕಂದಾ, ಇಲ್ಲಿ ಕಾಲು ಎತ್ತಿ ಇಡಬೇಕು’ ಎನ್ನಿರಿ. ಹೊಸ್ತಿಲು ಇದ್ದಲ್ಲೇ ಇರುತ್ತದೆ. ಕಾಲು ಕಲಿಯುತ್ತದೆ.