ಪೆಟ್ಟಿಗೆ ಯಾವುದಾದರೇನು, ಆರಡಿ ನೆಲ ಎಲ್ಲಿ?



ಹೆಣಕ್ಕೆ ಯಾವ ಪೆಟ್ಟಿಗೆ ಸರಿ ಅಂತ ಕೇಳೋರು ಈಗ ನಮ್ಮಲ್ಲೂ ಇದ್ದಾರೆ. ತೇಗದ್ದೋ, ಪ್ಲೈವುಡ್ಡಿನದೋ, ಪಾಲಿಶ್ ಹೊಡೆದದ್ದೋ? ತುಮಕೂರಿನಲ್ಲಿ ದುಡ್ಡು ಕೊಟ್ಟರೆ ಎಲ್ಲವೂ ಸಿಗುತ್ತದೆ. ಆದರೆ ಆ ಪೆಟ್ಟಿಗೆಯನ್ನು ಗುಬ್ಬಿ ಕಡೆಗೋ ಕುಣಿಗಲ್ ಕಡೆಗೋ ಒಂದು ಕೇರಿಗೆ ತಂದ ಮೇಲೆ ಇಳಿಸೋದೆಲ್ಲಿ?

ಪೆಟ್ಟಿಗೆಯ ಮಾತು ಬೇಗ ಮುಗಿಯುತ್ತದೆ. ಸುಡೋದಾದರೆ ಬಿದಿರ ಚಟ್ಟ ಸಾಕು. ಹೂಳೋದಾದರೆ ಒಂದು ಬಿಳಿ ಬಟ್ಟೆ ಸಾಕು. ದೂರದಿಂದ ಹೆಣ ತರಬೇಕಾದರೆ ಅಗ್ಗದ ಹಲಗೆಯದೇ ಆಗಲಿ. ಮಣ್ಣೊಳಗೆ ಹೋದ ಪಾಲಿಶನ್ನು ನೋಡೋರು ಯಾರು? ಸತ್ತವರ ಹೆಸರಲ್ಲಿ ಬದುಕಿದವರು ಬಡ್ಡಿ ಸಾಲಕ್ಕೆ ಬೀಳೋದು ಬೇಡ.

ಮಾತಿರೋದು ನೆಲದ್ದು. ಜಮೀನು ಇದ್ದವರು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ, ಮೇಲೆ ಕಲ್ಲಿನ ಗದ್ದುಗೆ ಕಟ್ಟುತ್ತಾರೆ. ಭೂಮಿಯಿಲ್ಲದ ನಮಗೆ ಕೆರೆಯಂಗಳ, ಹಳ್ಳದ ದಂಡೆ, ರಸ್ತೆ ಬದಿ. ಮಳೆ ಬಂದರೆ ಗುಂಡಿಯೊಳಗೆ ನೀರು. ಬೇಸಿಗೆಯಲ್ಲಿ ಪಕ್ಕದ ಹೊಲದವನ ಬೇಲಿ ಒಂದು ಮಾರು ಮುಂದಕ್ಕೆ. ಊರವರ ಸಾವಿನ ಸುದ್ದಿ ಹೊತ್ತು ಹಳ್ಳಿ ಹಳ್ಳಿ ತಿರುಗಿದವರು ನಾವು, ತಮಟೆ ಬಡಿದವರು ನಾವು, ಗುಂಡಿ ತೋಡಿದವರು ನಾವು. ಊರಿನ ಸಾವಿಗೆಲ್ಲ ಬೇಕಾದವನಿಗೆ ತನ್ನ ಸಾವಿಗೆ ಜಾಗವಿಲ್ಲ! ಬದುಕಿದ್ದಾಗ ಊರಾಚೆ, ಸತ್ತ ಮೇಲೆ ಸ್ಮಶಾನದಾಚೆ. ಇದು ಯಾವ ಧರ್ಮ?

ಕಾನೂನು ಇಲ್ಲವೇ? ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ ಅಸ್ಪೃಶ್ಯತೆಯ ಹೆಸರಲ್ಲಿ ಸ್ಮಶಾನಕ್ಕೆ ಬಿಡದಿರೋದು ಅಪರಾಧ. 2016ರ ಜನವರಿ 26ರಿಂದ ಜಾರಿಗೆ ಬಂದ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ ಪ್ರಕಾರ ನಮ್ಮ ಕೈಲಿ ಹೆಣದ ಗುಂಡಿ ತೋಡಿಸೋದೂ ಅಪರಾಧ. ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಎಂದು 2019ರಲ್ಲಿ ಹೈಕೋರ್ಟೇ ರಾಜ್ಯ ಸರ್ಕಾರಕ್ಕೆ ಆದೇಶ ಮಾಡಿತು. ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸುವ ಅಧಿಕಾರ 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಿದೆ. ಕಾಗದ ಎಲ್ಲಾ ನಮ್ಮ ಕಡೆಗಿದೆ, ನೆಲ ಮಾತ್ರ ಅವರ ಕಡೆಗಿದೆ.

ಹೆಣ ಮನೆ ಮುಂದಿಟ್ಟುಕೊಂಡು ಜಾಗ ಹುಡುಕಿದ್ದು ಸಾಕು. ಯಾರೂ ಸಾಯದ ದಿನವೇ ಕೇರಿಯ ಜನ ಕೂಡಿ. ಊರಿನ ಸ್ಮಶಾನದ ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಏನಿದೆ, ಒತ್ತುವರಿ ಎಷ್ಟು, ಕೇಳಿ. ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ, ಮೊಹರು ಹಾಕಿಸಿ ಸ್ವೀಕೃತಿ ಪಡೆಯಿರಿ. ನಿಮಗೆ ಬೇರೆ ಮೂಲೆ ಅಂತ ತೋರಿಸಿದರೆ ಒಪ್ಪಬೇಡಿ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದು ಕೇಳಿದ್ದು ಸಮಾನತೆ. ನಾವು ಕೇಳೋದೂ ಅದೇ.

ಊರಿಗೊಂದೇ ಸ್ಮಶಾನ, ಅದು ಎಲ್ಲರಿಗೂ!

ಜೈಭೀಮ್.